ಹತ್ತನೆಯ ಜುಜ್

ಇನ್ನೊಬ್ಬರ ಮನೆಯ ಒಲೆಯ ಮುಂದೆ ಆಡಿದ ಮಾತನ್ನು ಹೊರಗೆ ತಂದು ಹೇಳುವುದು ಒಳ್ಳೆಯವರ ಲಕ್ಷಣವಲ್ಲ. ಗೊತ್ತಿದ್ದೂ ಹೇಳಹೊರಟಿದ್ದೇನೆ, ಓದುವವರು ಮನ್ನಿಸಬೇಕು. ಆ ಮನೆಯವರು ತಮ್ಮತಮ್ಮಲ್ಲಿ ಆಡುತ್ತಿದ್ದುದು ದಖ್ಖನಿ ಉರ್ದು. ಅದನ್ನು ನಮ್ಮ ಕೋಲಾರದ ಕನ್ನಡಕ್ಕೆ ತರುವಾಗ ಎಲ್ಲಾದರೂ ಉಪ್ಪು ಹೆಚ್ಚಾಗಿದ್ದರೆ, ಎಲ್ಲಾದರೂ ಸಪ್ಪೆಯಾಗಿದ್ದರೆ, ಆ ತಪ್ಪು ನನ್ನದು, ಆ ಮನೆಯವರದಲ್ಲ.

ಕೋಲಾರದ ಕೋಟೆಯ ಕಡೆಯ ಒಂದು ಬೀದಿಯಲ್ಲಿ ರಹಮತ್ತುಲ್ಲಾ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ. ಕೋರ್ಟಿನ ದಾಖಲೆಗಳು, ಮಂಡಿಯವರ ಲೆಕ್ಕದ ಪುಸ್ತಕಗಳು, ಮಸೀದಿಯ ಕುರಾನು, ಅಗ್ರಹಾರದ ಹಳೆಯ ಪುರಾಣಗಳು ಎಲ್ಲವೂ ಅವನ ಜಗಲಿಗೆ ಬರುತ್ತಿದ್ದವು. ಅವನಿಗೆ ಈ ಕಸುಬು ಕಲಿಸಿದ ತಂದೆ ಸಾಯುವ ಮುಂಚೆ ಹೇಳಿದ್ದು ಒಂದೇ ಮಾತು: "ಮನೆಗೆ ಬಂದ ಪುಸ್ತಕ ಅಮಾನತ್ತು ಬೇಟಾ. ನಂಬಿ ಒಪ್ಪಿಸಿದ್ದು. ನಿನ್ನ ಕೈಯಲ್ಲಿದೆ ಅಂತ ನಿನ್ನದಲ್ಲ." ಆ ಮಾತಿನ ಮೇಲೆ ರಹಮತ್ತುಲ್ಲಾ ಮೂವತ್ತು ವರ್ಷ ಅನ್ನ ತಿಂದಿದ್ದ.

ಸಾವಿರದ ಒಂಬೈನೂರ ನಲವತ್ತಮೂರನೆಯ ಇಸವಿ. ಯುದ್ಧ ಎಲ್ಲೋ ನಡೆಯುತ್ತಿತ್ತು. ಅದರ ಬಿಸಿ ಮಾತ್ರ ಕೋಲಾರದ ಒಲೆಗಳಿಗೂ ತಟ್ಟಿತ್ತು. ಅಕ್ಕಿ ರೇಷನ್ನು, ಸೀಮೆಎಣ್ಣೆ ರೇಷನ್ನು. ಅಂಟಿಗೆ ಮೈದಾ ಸಿಕ್ಕದೆ ರಹಮತ್ತುಲ್ಲಾನ ಹೆಂಡತಿ ಅಖ್ತರ್ ಬಾನು ಹುಣಸೆಬೀಜ ಹುರಿದು, ಬೀಸಿ, ಹುಳ ಹಿಡಿಯದಂತೆ ಮೈಲುತುತ್ತ ಹಾಕಿ ಅಂಟು ಕಾಸುತ್ತಿದ್ದಳು. ಮಗ ಸುಭಾನ್ ಬೆಂಗಳೂರಿನಲ್ಲಿ ಪುಕ್ಕಟೆ ಹಾಸ್ಟೆಲಿನಲ್ಲಿದ್ದು ಇಂಟರ್‌ಮೀಡಿಯೆಟ್ ಓದುತ್ತಿದ್ದ. ಆ ಬೀದಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವನು ಅವನೊಬ್ಬನೇ. ಅವನಿಗಿಂತ ಎರಡು ವರ್ಷ ದೊಡ್ಡವಳು ಬದ್ರುನ್ನೀಸಾ. ಮಿಡ್ಲ್ ಸ್ಕೂಲು ಮುಗಿಸಿ, ಪರದೆಯ ವಯಸ್ಸು ಬಂತೆಂದು ಮನೆಯಲ್ಲಿ ಕುಳಿತಿದ್ದಳು.

ಆ ವರ್ಷ ರಂಜಾನ್ ಮುಗಿದ ಹಿಂದೆಯೇ ದಸರಾ ರಜೆ ಬಂತು. ಸುಭಾನ್ ಮನೆಗೆ ಬಂದ ಮೊದಲ ದಿನವೇ ಊಟದ ಹೊತ್ತಿಗೆ ಪುಸ್ತಕದ ಮಾತು ಎತ್ತಿದ.

"ಉಳಿದವೆಲ್ಲ ಹಳೇ ಪುಸ್ತಕದಂಗಡೀಲಿ ಸಿಕ್ಕಿದ್ವು ಅಬ್ಬಾ. ಫಿಸಿಕ್ಸ್ ಒಂದು ಸಿಗಲಿಲ್ಲ. ಹೊಸದೇ ತಗೋಬೇಕು."

"ಎಷ್ಟಂತೆ?"

"ಒಂಬತ್ತೂವರೆ ರೂಪಾಯಿ. ಅದೂ ಮದ್ರಾಸಿಂದ ಬಂದ್ರೆ."

"ಒಂಬತ್ತೂವರೇಲಿ ನಮ್ಮಪ್ಪ ಮಾಲೂರಲ್ಲಿ ನನ್ನ ನಿಕಾನೇ ಮುಗಿಸಿದ್ರು" ಅಂದಳು ಅಖ್ತರ್ ಬಾನು, ಮುದ್ದೆ ಕಟ್ಟುತ್ತಾ.

"ಅದಕ್ಕೇ ಹಿಂಗಿದೆ ಬಿಡು" ಅಂದ ರಹಮತ್ತುಲ್ಲಾ.

ಮಕ್ಕಳಿಬ್ಬರೂ ನಕ್ಕರು. ಅಖ್ತರ್ ಬಾನು ಗಂಡನ ತಟ್ಟೆಗೆ ಮುದ್ದೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟಳು.

"ವಕೀಲರ ಮಗನ ಹತ್ರ ಇದೆ" ಅಂದ ಸುಭಾನ್. "ಅವನೂ ನಾನೂ ಒಂದೇ ಕ್ಲಾಸು. ರಜಕ್ಕೆ ಇಲ್ಲಿಗೇ ತಂದಿದ್ದಾನೆ. ಕೇಳ್ಲಾ?"

"ಬೇಡ."

"ಎರಡು ವಾರಕ್ಕೆ ಅಬ್ಬಾ, ಅಷ್ಟೇ."

"ಬೇಡ ಅಂದ್ನಲ್ಲ. ಕೋರ್ಟಿನ ಕೆಲಸ ನಮಗೆ ಬರೋದು ಕೋದಂಡರಾಮಪ್ಪನೋರ ಬಾಯಿಂದ. ಕೆಲಸಕ್ಕೆ ಚಾಚೋ ಕೈ, ಬೇಡೋಕೆ ಚಾಚೋ ಕೈ, ಎರಡೂ ಒಂದೇ ಆಗಬಾರದು."

ಮಾತು ಅಲ್ಲಿಗೆ ನಿಂತಿತು. ಆದರೆ ಮೂರನೆಯ ದಿನ ಪುಸ್ತಕವೇ ನಡೆದು ಬಂದಹಾಗೆ ಅವರ ಜಗಲಿಗೆ ಬಂತು. ವಕೀಲ ಕೋದಂಡರಾಮಪ್ಪನವರು ಕೋರ್ಟಿಗೆ ಹೋಗುವ ದಾರಿಯಲ್ಲಿ ಜಟಕಾ ನಿಲ್ಲಿಸಿ ತಾವೇ ಇಳಿದರು.

"ನೋಡು ಸಾಬ್ರೇ, ನಾಲ್ಕು ತಿಂಗಳಾಗಿಲ್ಲ ಕೊಂಡು, ಆಗಲೇ ಬಿಚ್ಕೊಂಡಿದೆ. ಯುದ್ಧದ ದಾರ, ಯುದ್ಧದ ಅಂಟು. ನಮ್ಮ ಹುಡುಗನೋ, ಪುಸ್ತಕ ಓದ್ತಾನೋ ದಿಂಬು ಮಾಡ್ಕೋತಾನೋ ಆ ದೇವರಿಗೇ ಗೊತ್ತು. ಗಟ್ಟಿಯಾಗಿ ಕಟ್ಕೊಡು."

"ಯಾವಾಗ ಬೇಕು ಸ್ವಾಮಿ?"

"ಅವಸರ ಏನಯ್ಯಾ? ಕಾಲೇಜು ತೆಗೆಯೋದ್ರೊಳಗೆ ಆಯ್ತು."

ರಹಮತ್ತುಲ್ಲಾ ಪುಸ್ತಕದ ಬೆನ್ನು ಬಿಡಿಸಿ, ಹಳೆಯ ದಾರ ಕತ್ತರಿಸಿದ. ಪುಸ್ತಕ ಹೊಲಿಯುವವರು ಹದಿನಾರು ಪುಟಗಳ ಒಂದು ಮಡಿಕೆಗೆ ಜುಜ್ ಅನ್ನುತ್ತಾರೆ. ಇಪ್ಪತ್ತು ಜುಜ್‌ಗಳು ಚಾಪೆಯ ಮೇಲೆ ಸಾಲಾಗಿ ಬಿದ್ದವು. ಅಂಟಿನ ಮಡಕೆ ಹಿಡಿದು ಬಂದ ಅಖ್ತರ್ ಬಾನು ನಿಂತು ನೋಡಿದಳು.

"ಇದೇನಾ ಆ ಒಂಬತ್ತೂವರೆ?"

"ಹ್ಞೂ."

"ಹಿಂಗೆ ಬಿಚ್ಚಿಟ್ರೆ ಇಬ್ಬರು ಒಟ್ಟಿಗೆ ಕೂತು ಬರ್ಕೋಬೋದಲ್ಲ. ಸುಭಾನ್ ಒಂದು ಮಡಿಕೆ, ಬದ್ರೂ ಒಂದು ಮಡಿಕೆ."

"ನಿನಗೆ ಬುದ್ಧಿ ಇದೆಯಾ? ಅಮಾನತ್ತು ಇದು."

"ನಾನೇನು ಕದೀರಿ ಅಂದ್ನಾ? ನೋಡಿದ್ರೆ ಅಕ್ಷರ ಸವೆದು ಹೋಗುತ್ತಾ?"

ರಹಮತ್ತುಲ್ಲಾ ಎದ್ದ. ನಮಾಜಿಗೆ ಹೋದ, ಬಂದ. ಬಂದವನು ಒಳಗಿನ ಗೂಡಿನಿಂದ ಬಿಳಿ ಹಾಳೆಗಳ ಕಟ್ಟು ತೆಗೆದ. ಲೆಕ್ಕದ ಪುಸ್ತಕ ಕಟ್ಟಿಸುವವರು ಕೊಟ್ಟ ಕಾಗದದಲ್ಲಿ ಉಳಿದದ್ದು ಕಟ್ಟುವವನಿಗೆ ಸೇರುವುದು ಆ ಕಸುಬಿನ ವಾಡಿಕೆ. ಯುದ್ಧ ಶುರುವಾದಾಗಿನಿಂದ ಅವನು ಅದನ್ನು ಚಿನ್ನದಂತೆ ಕೂಡಿಟ್ಟಿದ್ದ. ಪುಸ್ತಕದ ಅಳತೆಗೆ ಸರಿಯಾಗಿ ಕತ್ತರಿಸಿ, ಅದೇ ತರಹ ಮಡಿಸಿ, ಇಪ್ಪತ್ತು ಖಾಲಿ ಜುಜ್ ಮಾಡಿ ಮಗಳ ಮುಂದಿಟ್ಟ.

"ಪುಟಕ್ಕೆ ಪುಟ ಸರಿಹೋಗಬೇಕು" ಅಂದ. "ಒಂದು ಗೆರೆ ಆಚೀಚೆ ಆಗಬಾರದು. ಆಮೇಲೆ ತಾಳೆ ನೋಡೋಕೆ ಸುಲಭ. ಮತ್ತೆ ಈ ಮಾತು ಹೊಸಲು ದಾಟಬಾರದು. ದಾಟಿದರೆ ನಾಳೆ ಯಾರೂ ಒಂದು ಪಂಚಾಂಗವನ್ನೂ ಈ ಮನೆಗೆ ಕೊಡೋದಿಲ್ಲ. ತಿಳೀತಾ?"

ಸೀಮೆಎಣ್ಣೆ ಇರಲಿಲ್ಲವಾದ್ದರಿಂದ ಬರೆಯುವುದೆಲ್ಲ ಹಗಲಿನಲ್ಲೇ ಆಗಬೇಕಿತ್ತು. ಬೆಳಗ್ಗೆ ನೀರು ಸೇದಿ, ರಾಗಿ ಬೀಸಿ, ಪಾತ್ರೆ ತೊಳೆದು ಬದ್ರುನ್ನೀಸಾ ಹಿತ್ತಿಲ ಬಾಗಿಲ ಬೆಳಕಿಗೆ ಕೂರುತ್ತಿದ್ದಳು. ಸುಭಾನ್ ಅರ್ಧ ಗಂಟೆಗೊಮ್ಮೆ ಎದ್ದು ಬೆರಳು ನೆಟಿಗೆ ಮುರಿಯುತ್ತಿದ್ದ. ಅವಳು ಏಳುತ್ತಿರಲಿಲ್ಲ. ಅವನು ಒಂದು ಜುಜ್ ಮುಗಿಸುವಷ್ಟರಲ್ಲಿ ಅವಳದು ಎರಡಾಗುತ್ತಿತ್ತು. ಅರ್ಥವಾಗದ ಇಂಗ್ಲಿಷನ್ನು ರಂಗೋಲಿಯ ಎಳೆಯಂತೆ ನೋಡಿ ನೋಡಿ ಇಳಿಸುತ್ತಿದ್ದಳು. ಪ್ರತಿ ಜುಜ್‌ನ ಮೊದಲ ಪುಟದ ತಳದಲ್ಲಿ ಕಟ್ಟುವವನ ಗುರುತಿಗೆಂದು ಅಚ್ಚಿನವರು ಹಾಕುವ ಪುಟ್ಟ ಅಂಕಿ ಇರುತ್ತದಲ್ಲ, ಅದನ್ನೂ ಬಿಡಲಿಲ್ಲ.

"ಅದ್ಯಾಕೆ ಬರೀತೀಯ ಬಾಜಿ? ಅದು ಪಾಠ ಅಲ್ಲ" ಅಂದ ಸುಭಾನ್ ಅಕ್ಕನಿಗೆ.

"ಪಾಠ ಯಾವುದು, ಅಲ್ಲದ್ದು ಯಾವುದು ಅಂತ ನನಗೇನೋ ಗೊತ್ತು? ಇದ್ದದ್ದು ಇದ್ದಹಾಗೆ. ಅದಿರಲಿ, ಈ 'ಲೆನ್ಸ್' ಅಂದ್ರೆ ಏನು? ಈ ಜುಜ್ ತುಂಬಾ ಅದೇ ಇದೆ."

"ಗಾಜು. ಕನ್ನಡಕದ ಗಾಜು. ಕಣ್ಣು ಮಂಜಾದೋರಿಗೆ ಹಾಕ್ತಾರಲ್ಲ, ಅದು."

ಬದ್ರುನ್ನೀಸಾ ತಲೆಯೆತ್ತಿ ಜಗಲಿಯ ಕಡೆ ನೋಡಿದಳು. ಅಲ್ಲಿ ರಹಮತ್ತುಲ್ಲಾ ಸೂಜಿಯನ್ನು ಆಕಾಶಕ್ಕೆ ಹಿಡಿದು, ದಾರದ ತುದಿಯನ್ನು ತುಟಿಯಲ್ಲಿ ಒದ್ದೆಮಾಡಿ, ಮತ್ತೆ ಮತ್ತೆ ತೂರಿಸಲು ನೋಡುತ್ತಿದ್ದ. ಅವಳು ಎದ್ದುಹೋಗಿ ಸೂಜಿ ತೆಗೆದುಕೊಂಡು ಪೋಣಿಸಿಕೊಟ್ಟು ಬಂದಳು. ಒಂದು ವರ್ಷದಿಂದ ದಿನಾ ಹೀಗೇ ನಡೆಯುತ್ತಿತ್ತು. ಎಡಗಣ್ಣಿಗೆ ಹೊಗೆ ಕವಿದಂತಾಗಿದೆ, ಬಲಗಣ್ಣಿಗೂ ಶುರುವಾಗಿದೆ ಎಂಬುದನ್ನು ರಹಮತ್ತುಲ್ಲಾ ಯಾರಿಗೂ ಹೇಳಿರಲಿಲ್ಲ. ಮಗಳಿಗೆ ಗೊತ್ತಿದೆ ಎಂಬುದು ಅವನಿಗೆ ಗೊತ್ತಿತ್ತು. ಅದನ್ನೂ ಇಬ್ಬರೂ ಆಡಿರಲಿಲ್ಲ.

ಹತ್ತನೆಯ ದಿನ ವಕೀಲರ ಮಗ ಬಂದು ಜಗಲಿಯ ಕೆಳಗೆ ನಿಂತು ಕೇಳಿದ, "ಪುಸ್ತಕ ಆಯ್ತಾ ಸಾಬ್ರೇ?"

ರಹಮತ್ತುಲ್ಲಾ ಆಕಾಶದ ಕಡೆ ಕೈ ತೋರಿಸಿದ. "ಅಂಟು ಒಣಗಬೇಕು ಸ್ವಾಮಿ. ಮೋಡ ನೋಡಿ, ಬಿಸಿಲೇ ಇಲ್ಲ."

ಹುಡುಗ ಹೋದ. ಒಳಗಿನಿಂದ ಅಖ್ತರ್ ಬಾನು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ಅಂಟೇ ಹಚ್ಚಿಲ್ಲ, ಒಣಗೋದೆಲ್ಲಿಂದ?"

"ನಗಬೇಡ" ಅಂದ ಅವನು. "ಈ ಜಗಲಿ ಮೇಲೆ ನಾನು ಆಡಿದ ಮೊದಲನೇ ಸುಳ್ಳು ಅದು."

ಅವಳ ನಗು ನಿಂತಿತು. ಆ ದಿನ ಹುರುಳಿಸಾರನ್ನು ಅವನ ತಟ್ಟೆಗೆ ಎರಡು ಸೌಟು ಹೆಚ್ಚಾಗಿ ಬಡಿಸಿದಳು. ಅವನು ಅರ್ಧ ಬಿಟ್ಟು ಎದ್ದ.

ರಜೆ ಮುಗಿಯುವ ಭಾನುವಾರ ಬರವಣಿಗೆಯೂ ಮುಗಿಯಿತು. ಮರುದಿನ ಬೆಳಗ್ಗೆ ಹುಡುಗರಿಬ್ಬರೂ ಒಂದೇ ರೈಲಿಗೆ ಹೊರಡಬೇಕು. ಎರಡು ಪುಸ್ತಕಗಳೂ ಅಂದೇ ಆಗಬೇಕು. ಚಾಪೆಯ ಮೇಲೆ ಎರಡು ರಾಶಿ. ಒಂದು ಅಚ್ಚಿನದು, ಒಂದು ಕೈಬರಹದ್ದು. ಅಳತೆ ಒಂದೇ, ಮಡಿಕೆ ಒಂದೇ, ಕೆಳಗಿನ ಅಂಕಿಯೂ ಒಂದೇ. ಆಕಾಶ ಮುಚ್ಚಿಕೊಂಡಿತ್ತು. ಬದ್ರುನ್ನೀಸಾ ಜುಜ್‌ಗಳನ್ನು ಒತ್ತಿ ಒತ್ತಿ ಜೋಡಿಸಿಡುತ್ತಿದ್ದಳು. ಸುಭಾನ್ ಟ್ರಂಕಿಗೆ ಬಟ್ಟೆ ತುಂಬುತ್ತಾ ನಡುನಡುವೆ ಬಂದು ರಾಶಿ ಕೆದಕುತ್ತಿದ್ದ.

"ಬೆಳಕಿನ ಪಾಠದ ಚಿತ್ರ ನೀನು ಬರೆದಿರೋದು ಸಣ್ಣದಾಗಿದೆ ಬಾಜಿ. ಪರೀಕ್ಷೇಲಿ ಅದೇ ಕೇಳೋದು. ಅಚ್ಚಿಂದಾದ್ರೆ ಎಷ್ಟು ಚೆನ್ನಾಗಿತ್ತು."

"ಹಂಗಾದ್ರೆ ಅದನ್ನೇ ಇಟ್ಕೋ, ನಂದು ವಕೀಲರ ಮಗನಿಗೆ ಕಳಿಸು" ಅಂದಳು ಅವಳು ನಗುತ್ತಾ. "ನಾನಂತೂ ಹೋಗಲಿಲ್ಲ, ನನ್ನ ಅಕ್ಷರನಾದ್ರೂ ಹೆಸರಿಲ್ಲದೆ ಕಾಲೇಜಿಗೆ ಹೋಗಿ ಕೂತು ಬರಲಿ."

"ಬಾಯಿ ಮುಚ್ಚಿ ಕೆಲಸ ನೋಡ್ರೋ" ಅಂದ ರಹಮತ್ತುಲ್ಲಾ.

ಅವನು ಜುಜ್ ಎತ್ತಿ, ಕೆಳಗಿನ ಅಂಕಿಗೆ ಕಣ್ಣು ಹತ್ತಿರ ಒಯ್ದು, ಒಂದಾದ ಮೇಲೊಂದು ಹೊಲಿದ. ಊಟಕ್ಕೆ ಕರೆದಾಗ ಎದ್ದು ಹೋಗಿ ಬಂದ. ಸಂಜೆಯ ನಮಾಜಿನ ಹೊತ್ತಿಗೆ ಎರಡೂ ಪುಸ್ತಕಗಳು ಮರದ ಒತ್ತುಹಲಗೆಗಳ ನಡುವೆ ಕುಳಿತಿದ್ದವು. ಬೆಳಗ್ಗೆ ವಕೀಲರ ಆಳು ಬಂದು ಹನ್ನೆರಡಾಣೆ ಕೊಟ್ಟು ಪುಸ್ತಕ ಒಯ್ದ. ರೈಲಿನ ಹೊತ್ತಾಗಿತ್ತು, ಯಾರೂ ತಿರುವಿ ನೋಡಲಿಲ್ಲ.

ಕಾಲೇಜು ತೆರೆದ ಮೂರನೆಯ ವಾರ, ಒಂದು ಬುಧವಾರ, ಸುಭಾನ್ ಹೇಳದೆ ಕೇಳದೆ ಮನೆಗೆ ಬಂದ. ಟ್ರಂಕು ಸಮೇತ ಬಂದಿದ್ದ. ತಾಯಿ ಕೊಟ್ಟ ನೀರನ್ನು ಕುಡಿಯಲಿಲ್ಲ.

"ಬೆಳಕಿನ ಪಾಠ ಶುರುವಾಯ್ತು ಅಬ್ಬಾ. ಮೇಷ್ಟ್ರು ನೂರ ನಲವತ್ತೈದನೇ ಪುಟ ತೆಗೀರಿ ಅಂದ್ರು. ಅವನು ತೆಗೆದ. ಅವನ ಪುಸ್ತಕದಲ್ಲಿ ಬಾಜಿ ಅಕ್ಷರ."

ಅಖ್ತರ್ ಬಾನು ಮಗನ ಟ್ರಂಕು ತೆಗೆದು, ಅವನ ಪುಸ್ತಕ ಗಂಡನ ಮುಂದಿಟ್ಟಳು. ಅದರಲ್ಲಿ ಹತ್ತನೆಯ ಜುಜ್ ಅಚ್ಚಿನದು.

"ಇದು ನಿನ್ನ ಹತ್ರ ಇದ್ದದ್ದು ನಿನಗೆ ಕಾಣಲಿಲ್ವೇನೋ?" ಅಂದಳು ಅವಳು.

"ನಾನಲ್ಲ ಇಟ್ಟಿದ್ದು."

"ನೀನೇ ಇಟ್ಟೆ ಅಂದ್ನಾ? ಕಾಣಲಿಲ್ವಾ ಅಂದೆ."

"ನಾನಲ್ಲ ಅಮ್ಮಿ! ಆ ಪಾಠ ಬಂದಾಗ ನೋಡಿದ್ರಾಯ್ತು ಅಂತ ತೆರೆದೇ ಇರಲಿಲ್ಲ. ನಾನು ಕ್ಲಾಸಿಗೆ ಹೋದ್ರೆ 'ಪುಟ ಎಣಿಸ್ಕೊಳ್ರೋ, ಬೈಂಡರ್ ಬಂದ' ಅಂತಾರೆ. ನಾನು ಇನ್ನು ಹೋಗಲ್ಲ."

ಮರುದಿನ ಮಧ್ಯಾಹ್ನ ಕೋದಂಡರಾಮಪ್ಪನವರು ಬಂದರು. ಜಟಕಾ ಇರಲಿಲ್ಲ, ನಡೆದು ಬಂದಿದ್ದರು. ಪುಸ್ತಕ ಅವರ ಕೈಯಲ್ಲಿ ಕಾಗದ ಸುತ್ತಿಕೊಂಡಿತ್ತು. ಜಗಲಿಯ ಮೇಲೆ ಕುಳಿತು ಅವರು ನಗಲು ನೋಡಿದರು.

"ಏಮಯ್ಯಾ ಸಾಬ್ರೇ, ನಮ್ಮ ಪುಸ್ತಕದ ಹೊಟ್ಟೇಲಿ ನಿಮ್ಮನೆ ಕೂಸು ಮಲಗಿದೆ. ನಿಮ್ಮದು ನೀವು ತಗೊಂಡು ನಮ್ಮದು ನಮಗೆ ಕೊಟ್ಬಿಡು."

ರಹಮತ್ತುಲ್ಲಾ ಎರಡೂ ಪುಸ್ತಕಗಳನ್ನು ಅವರ ಎದುರಿಗೇ ಬಿಚ್ಚಿದ. ಸೂಜಿಗೆ ದಾರ ಹೋಗಲಿಲ್ಲ. ಒಮ್ಮೆ, ಎರಡು ಸಲ, ಮೂರು ಸಲ. ಮಗಳು ಪರದೆಯ ಹಿಂದಿದ್ದಳು. ಪರಪುರುಷರ ಎದುರು ಬರುವಂತಿರಲಿಲ್ಲ. ವಕೀಲರು ಅದನ್ನೇ ನೋಡುತ್ತಾ ಕುಳಿತಿದ್ದರು.

"ಕೇಳಿದ್ರೆ ಪುಸ್ತಕಾನೇ ಕೊಡ್ತಿದ್ನಲ್ಲಯ್ಯಾ" ಅಂದರು ಕೊನೆಗೆ. "ರಜ ಪೂರ್ತಿ ಇಟ್ಕೊಳ್ಳಿ ಅಂತಿದ್ದೆ. ನೀನು ನನ್ನ ಹುಡುಗನಿಗೆ ಅಂಟು ಒಣಗಬೇಕು ಅಂದ್ಯಂತೆ. ಅದೊಂದು ಮಾತು ನನಗೆ ಸರಿಬರಲಿಲ್ಲ. ನಿನ್ನ ಹತ್ರ ಜನರ ಜಮೀನಿನ ದಾಖಲೆ ಕೊಡೋನು ನಾನು."

ರಹಮತ್ತುಲ್ಲಾನ ನಾಲಗೆಯ ತುದಿಗೆ ಒಂದು ಮಾತು ಬಂದಿತ್ತು: ನನಗೆ ಕಣ್ಣು ಕಾಣುವುದಿಲ್ಲ ಸ್ವಾಮಿ, ನಾನೇ ತಪ್ಪಿ ಹೊಲಿದಿರಬೇಕು. ಅದನ್ನು ಹೇಳಿದರೆ ಸುಳ್ಳುಗಾರನ ಜೊತೆಗೆ ಕುರುಡನೂ ಆಗುತ್ತಿದ್ದ. ಕುರುಡನಿಗೆ ಪುಸ್ತಕ ಕೊಡುವವರು ಯಾರು? ಅವನು ಆ ಮಾತನ್ನು ನುಂಗಿದ.

ಅಷ್ಟರಲ್ಲಿ ಪರದೆಯ ಹಿಂದಿನಿಂದ ಬದ್ರುನ್ನೀಸಾಳ ದನಿ ಕೇಳಿಸಿತು. ಕನ್ನಡದಲ್ಲೇ ಅಂದಳು: "ಸ್ವಾಮಿ, ಜೋಡಿಸಿ ಇಟ್ಟಿದ್ದು ನಾನು. ಬೇಕಂತಲೇ ಇಟ್ಟೆ. ಅಬ್ಬಾಗೆ ಗೊತ್ತಿಲ್ಲ, ತಮ್ಮನಿಗೂ ಗೊತ್ತಿಲ್ಲ."

ಕೋದಂಡರಾಮಪ್ಪನವರು ಪರದೆಯ ಕಡೆ ತಿರುಗಲಿಲ್ಲ. ಕೈಬರಹದ ಜುಜನ್ನು ಎತ್ತಿ ಒಂದೆರಡು ಪುಟ ನೋಡಿದರು.

"ಅಕ್ಷರ ಮುತ್ತಿನಹಂಗಿದೆಯಮ್ಮಾ" ಅಂದರು. ಅದನ್ನು ಚಾಪೆಯ ಮೇಲಿಟ್ಟು, ಅಚ್ಚಿನ ಜುಜನ್ನು ತಮ್ಮ ಪುಸ್ತಕಕ್ಕೆ ಸೇರಿಸಿ, ಹೊಲಿಸದೆ ಬಿಡಿಯಾಗಿಯೇ ಕಾಗದದಲ್ಲಿ ಸುತ್ತಿಕೊಂಡು ಎದ್ದುಹೋದರು.

ಅವರು ಊರಿನಲ್ಲಿ ಯಾರ ಮುಂದೆಯೂ ಏನೂ ಅನ್ನಲಿಲ್ಲವೆಂದು ಹೇಳುತ್ತಾರೆ. ಅನ್ನಬೇಕಾಗಿಯೂ ಇರಲಿಲ್ಲ. ಸಂಕ್ರಾಂತಿ ಕಳೆಯಿತು, ಕೋರ್ಟಿನ ದಾಖಲೆಗಳು ಬರಲಿಲ್ಲ. ಯುಗಾದಿಗೆ ಮಂಡಿಯವರ ಹೊಸ ಲೆಕ್ಕದ ಪುಸ್ತಕಗಳು ಬೇರೆಯವರ ಜಗಲಿಗೆ ಹೋದವು. ಮಸೀದಿಯವರು ಮಾತ್ರ ಕೊಡುತ್ತಿದ್ದರು.

ಮನೆಯಲ್ಲಿ ಜಗಳ ಊಟದ ಹೊತ್ತಿಗೇ ಏಳುತ್ತಿತ್ತು.

"ಬೇಕಂತಲೇ ಇಟ್ಟೆ ಅಂತಾಳಲ್ಲ ನಿಮ್ಮ ಮಗಳು, ಒಂದು ಮಾತು ಬೈದ್ರಾ?" ಎಂದು ಅಖ್ತರ್ ಬಾನು ಕೇಳುತ್ತಿದ್ದಳು. "ತಮ್ಮನ ಓದಿಗೆ ಮಣ್ಣು ಹಾಕಿದ್ಲು."

"ಬರ್ಕೊಳ್ಳಿ ಅಂದೋಳು ನೀನು."

"ಹೌದಪ್ಪಾ, ನಾನು ಅಂದೆ. ಕಾಗದ ಕತ್ತರಿಸಿ ಕೊಟ್ಟೋರು ಯಾರು?"

ಬದ್ರುನ್ನೀಸಾ ಇಬ್ಬರ ತಟ್ಟೆಗೂ ಸಾರು ಬಡಿಸಿ ಒಳಗೆ ಹೋಗುತ್ತಿದ್ದಳು. ಅವಳು ಮತ್ತೆ ಲೇಖನಿ ಮುಟ್ಟಲಿಲ್ಲ. ಮಾಲೂರಿನ ಅಜ್ಜನಿಗೆ ಕಾಗದ ಬರೆಯಬೇಕಾದಾಗಲೂ "ಸುಭಾನ್ ಬರೀಲಿ" ಅನ್ನುತ್ತಿದ್ದಳು. ಸುಭಾನ್ ಪರೀಕ್ಷೆಗೆ ಕಟ್ಟಲಿಲ್ಲ. ಬೆಂಗಳೂರಿನ ಮಿಲಿಟರಿ ಉಗ್ರಾಣವೊಂದರಲ್ಲಿ ಮೂಟೆಗಳ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ. ತಿಂಗಳಿಗೊಮ್ಮೆ ದುಡ್ಡು ಕಳಿಸುತ್ತಿದ್ದ. ಕಳಿಸಿದ ಕಾಗದದಲ್ಲಿ ಅಕ್ಕನ ಹೆಸರು ಇರುತ್ತಿರಲಿಲ್ಲ.

ಮುಂದಿನ ವರ್ಷ ಅವಳನ್ನು ಶ್ರೀನಿವಾಸಪುರಕ್ಕೆ ಕೊಟ್ಟರು. ಗಂಡ ಬಳೆ ವ್ಯಾಪಾರದವನು, ಮೊದಲ ಹೆಂಡತಿ ತೀರಿಕೊಂಡವನು. ಆರು ತಿಂಗಳಾದ ಮೇಲೆ ರಹಮತ್ತುಲ್ಲಾ, ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಕೂತು ಮಗಳನ್ನು ನೋಡಲು ಹೋದ. ದಾರಿಯಲ್ಲಿ ನಿಂತು ನಿಂತು, ತಳ್ಳಿಸಿಕೊಂಡು, ಮೂರು ಗಂಟೆ ತಡವಾಗಿ ಬಸ್ಸು ಮುಟ್ಟಿತು. ಅವಳು ತಂದೆಯ ಕೈ ಹಿಡಿದು ಹೊಸಲು ದಾಟಿಸಿದಳು. ರೊಟ್ಟಿ ತಟ್ಟಿ, ಬದನೆಕಾಯಿ ಪಲ್ಯ ಮಾಡಿ ಬಡಿಸಿದಳು. ತಟ್ಟೆ ಎಲ್ಲಿದೆಯೆಂದು ತೋರಿಸಲು ಅವನ ಬೆರಳನ್ನು ತಟ್ಟೆಯ ಅಂಚಿಗೆ ಮುಟ್ಟಿಸಿದಳು.

"ಬದ್ರೂ, ಅವತ್ತಿನ ಮಾತು ಒಂದು ಕೇಳ್ಲಾ?"

"ಊಟ ಮಾಡಿ ಅಬ್ಬಾ."

"ನಿಜವಾಗಿ ನೀನೇ ಇಟ್ಯಾ? ಇಲ್ಲಾ ನನ್ನ ಕಣ್ಣು ತಪ್ಪಿದ್ದಾ? ಇಲ್ಲಾ ಅವನಾ?"

ಅವಳ ಬಳೆಗಳ ಸದ್ದು ಕೇಳಿಸಿತು. ಹಂಚಿನ ಮೇಲಿನ ರೊಟ್ಟಿ ತಿರುವುತ್ತಿದ್ದಳು.

"ಮೂರರಲ್ಲಿ ನಿಮಗೆ ಯಾವುದು ಆದ್ರೆ ನಿದ್ದೆ ಬರುತ್ತೆ ಅಬ್ಬಾ?" ಅಂದಳು. "ಅದನ್ನೇ ಇಟ್ಕೊಳ್ಳಿ. ನಾನು ಹೇಳಬೇಕಾದ್ದನ್ನ ಅವತ್ತೇ ಹೇಳಿ ಆಯ್ತು."

ಅವನು ಮತ್ತೆ ಕೇಳಲಿಲ್ಲ. ಅಂದು ಮಗಳು ಪರದೆಯ ಹಿಂದಿನಿಂದ ಮಾತಾಡಿದಾಗ ತಾನು ಯಾಕೆ ಸುಮ್ಮನಿದ್ದೆ ಎಂಬುದನ್ನು ಹೇಳಬೇಕೆಂದೇ ಅಷ್ಟು ದೂರ ಬಂದಿದ್ದ. ಅದೂ ಆಗಲಿಲ್ಲ. ಅಳಿಯ ಬಂದ, ಮಳೆಯ ಮಾತು, ಬಳೆಯ ಮಾತು ಆಡಿದರು. ಕೊನೆಯ ಬಸ್ಸಿಗೆ ಹೊರಟುಬಂದ.

ಮನೆಗೆ ಬಂದ ಮರುದಿನ ಅವನು ಹೆಂಡತಿಗೆ ಹೇಳಿ ಸುಭಾನನ ಹಳೆಯ ಪುಸ್ತಕ ತೆಗೆಸಿದ. ಅದು ಅಂದು ಬಿಚ್ಚಿದ್ದು ಬಿಚ್ಚಿದಹಾಗೆಯೇ ಬಟ್ಟೆಯಲ್ಲಿ ಕಟ್ಟಿಟ್ಟಿತ್ತು. ಅಖ್ತರ್ ಬಾನು ಸೂಜಿ ಪೋಣಿಸಿಕೊಟ್ಟು, ಅಂಟು ಕಾಸಲು ಹೋದಳು. ಅವನು ಜುಜ್‌ಗಳನ್ನು ಒಂದೊಂದಾಗಿ ಎತ್ತಿ ಬೆರಳಾಡಿಸಿದ. ಅಚ್ಚಿನ ಹಾಳೆ ನುಣುಪು. ಕೈಬರಹದ ಹಾಳೆಯಲ್ಲಿ ಲೇಖನಿಯ ಮೊನೆ ಒತ್ತಿದ ಕಡೆ ಹಿಂಬದಿಗೆ ತರಿತರಿಯಾಗಿ ಎದ್ದಿರುತ್ತದೆ. ಕಣ್ಣಿಲ್ಲದವನಿಗೂ ತಿಳಿಯುವಷ್ಟು. ಅಂದೂ ತಿಳಿಯಬೇಕಿತ್ತು. ಮೂವತ್ತು ವರ್ಷ ಕಾಗದ ಮುಟ್ಟಿದ ಬೆರಳು ಅದು. ಅಂದು ಆ ಬೆರಳು ಹತ್ತನೆಯ ಜುಜ್‌ನ ಮೇಲೆ ಹರಿದಿತ್ತೇ? ಹರಿದಿದ್ದರೆ ಅವನು ಸುಮ್ಮನಿದ್ದುದು ಯಾಕೆ? ಎಷ್ಟು ನೆನಪು ಮಾಡಿಕೊಂಡರೂ ಊಟಕ್ಕೆ ಕರೆದದ್ದು, ಮೋಡ ಕವಿದದ್ದು, ಮಕ್ಕಳು ನಕ್ಕದ್ದು ಇಷ್ಟೇ ನೆನಪಿಗೆ ಬಂತು.

ಅವನು ಒಂಬತ್ತನೆಯದರ ಮೇಲೆ ಹತ್ತನೆಯದನ್ನಿಟ್ಟು, ಹತ್ತರ ಮೇಲೆ ಹನ್ನೊಂದನೆಯದನ್ನಿಟ್ಟು, ಇಪ್ಪತ್ತನ್ನೂ ಹೊಲಿದು, ರಟ್ಟು ಹಾಕಿ, ಬೆನ್ನಿಗೆ ಕೆಂಪು ಬಟ್ಟೆ ಅಂಟಿಸಿದ. ಓದುವವರು ಇಲ್ಲದ ಆ ಪುಸ್ತಕವನ್ನು ಅವನು ಅಷ್ಟು ಗಟ್ಟಿಯಾಗಿ ಕಟ್ಟಿದ್ದ.

ಆ ಜುಜನ್ನು ಅಲ್ಲಿಟ್ಟ ಕೈ ಯಾರದೆಂದು ಕೇಳುವವರಿದ್ದಾರೆ. ಮಗಳು ತಾನೆಂದಳು, ಮಗ ತಾನಲ್ಲವೆಂದ, ತಂದೆಗೆ ನೆನಪಿಲ್ಲ. ನನಗೂ ಗೊತ್ತಿಲ್ಲ.